ಬಲಗೆನ್ನೆ

ಇಪ್ಪತ್ತೇಳು ವರ್ಷ
ಹಾಸನದಿಂದ ಚಿಕ್ಕಮಗಳೂರಿಗೆ ಬೆಳಗಿನ ಗಾಡಿ,
ಸಂಜೆ ಅದೇ ಗಾಡಿ ವಾಪಸ್ಸು.
ಹೋಗುವಾಗ ಮೂಡಲ ಬಿಸಿಲು ಬಲಕ್ಕೆ.
ಬರುವಾಗ ಪಡುವಣ ಬಿಸಿಲೂ ಬಲಕ್ಕೇ.
ಲೋಕವೆಲ್ಲ ಸುತ್ತುವ ಸೂರ್ಯನಿಗೆ
ನನ್ನ ಎಡಗೆನ್ನೆಯ ಸ್ಟಾಪು ಮಾತ್ರ ಗೊತ್ತಿಲ್ಲ.

"ನೀವು ಎಡಮಗ್ಗುಲಿಗೆ ಮಲಗಿದರೆ
ನಮ್ಮಪ್ಪ ಬಂದು ಮಲಗಿದ ಹಾಗಿರುತ್ತೆ"
ಅಂದಳು ಸರ್ವಮಂಗಳಾ. ಇಬ್ಬರೂ ನಕ್ಕೆವು.
ಮುಂದಿನ ವಾರದ ರಜೆಗೆ ಎಳಕೊಂಡು ಬಂದಳು:
ಬಿ.ಎಂ. ರಸ್ತೆ, ಪಾತ್ರೆ ಅಂಗಡಿಯ ಮಹಡಿ,
ಚರ್ಮದ ಡಾಕ್ಟರು, ಟೋಕನ್ ಹದಿನಾಲ್ಕು.

ಬೆಂಚಿನ ಮೇಲೆ
ಮೊಡವೆ ಚಿವುಟಿ ಚಿವುಟಿ ಗುಳಿ ಬಿದ್ದ ಹುಡುಗ.
ಮೂಗಿನ ಮೇಲಿನ ಬಂಗನ್ನು ಸೆರಗಲ್ಲಿ ಒರೆಸುತ್ತಲೇ ಇದ್ದ ಟೀಚರು,
ಒರೆಸಿದರೆ ಹೋಗುವುದಲ್ಲ ಅಂತ ಅವರಿಗೂ ಗೊತ್ತು.
ಸ್ಟವ್ ಸಿಡಿದು, ಕತ್ತಿನ ಚರ್ಮ
ಗಲ್ಲಕ್ಕೆ ಹೊಲಿದುಕೊಂಡಂತಾದ ಒಬ್ಬಳು.
ಚೆಲುವಿಗೆ ಬಂದವಳಲ್ಲ, ತಲೆ ಎತ್ತುವುದಕ್ಕೆ ಬಂದವಳು.
ತೊಡೆಯ ಚರ್ಮ ತೆಗೆದು ಕತ್ತಿಗೆ ಹಾಕುತ್ತಾರಂತೆ.
"ಎಲ್ಲಿಂದಲೋ ಮಣ್ಣು ತಂದು ಗುಂಡಿ ಮುಚ್ಚಲ್ವಾ,
ಹಂಗೆ" ಅಂದಳು, ನೆಲ ನೋಡುತ್ತ.

ಡಾಕ್ಟರು ಅರಸೀಕೆರೆ ಕಡೆಯ ಚಿಕ್ಕ ಹುಡುಗಿ.
ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿದರು,
ಆರ್‌ಟಿಓ ಇನ್ಸ್‌ಪೆಕ್ಟರು ಗಾಡಿ ನೋಡುವ ಹಾಗೆ.
"ಡ್ರೈವರಾ?" ಅಂದರು.
ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಬಂತು ಪಟ್ಟಿ.
ರಾತ್ರಿ ಹಚ್ಚುವ ಮುಲಾಮು, ನಿಧಾನ, ಮೊದಮೊದಲು ಉರಿ.
ಆಸಿಡ್ಡಿನ ಪೀಲು, ಮೇಲ್ಪದರ ಸುಲಿಯುತ್ತೆ,
ವಾರವಿಡೀ ಬಿಸಿಲಿಗೆ ಹೋಗಬಾರದು.
ಬಿಸಿಲಿಗೆ ಹೋಗದೆ ಹಗರೆ ದಾಟುವುದು ಹೇಗೆ ಮೇಡಂ?
ಲೇಸರು, ನಾಲ್ಕೈದು ಸಲ,
ನಮ್ಮ ಕಂದು ಚರ್ಮಕ್ಕೆ ನೋಡಿಕೊಂಡು ಬಿಡಬೇಕು,
ಕಪ್ಪು ಕಳೆಯಲು ಹೋದವರಿಗೆ ಕಪ್ಪೇ ಬಂದದ್ದುಂಟು.
ಸೂಜಿ ಹಾಕಿದರೆ ಕೆಲವು ಸುಕ್ಕು ಮಲಗುತ್ತವೆ,
ಮೂರು ನಾಲ್ಕು ತಿಂಗಳು, ಆಮೇಲೆ ಎದ್ದು ಕೂರುತ್ತವೆ.
ಕತ್ತರಿಸಿ ಎಳೆದು ಹೊಲಿಯುವುದೂ ಉಂಟು,
ಅದಕ್ಕೆ ಬೇರೆ ಡಾಕ್ಟರು, ಬೇರೆ ಲೆಕ್ಕ.

ನನಗೆ ಡಿಪೋ ನೆನಪಾಯಿತು,
ಟಿಂಕರಿಂಗು, ಪುಟ್ಟಿ, ಪೇಂಟು, ರೀಟ್ರೆಡ್ ಟೈರು.
ಬಾಡಿ ಹೊಸದಾದರೂ ಮೀಟರು ಹಿಂದಕ್ಕೆ ಓಡುತ್ತಾ, ಅಂದೆ.
ಅವರು ನಗಲಿಲ್ಲ.
ಕಿವಿಯ ಮುಂದೆ, ಕಡಲೆಬೇಳೆಯಷ್ಟು ಒಂದು ಕಲೆ,
ಅದರ ಮೇಲೆ ಭೂತಗನ್ನಡಿ ನಿಂತುಬಿಟ್ಟಿತ್ತು.
"ಇದು ಎಷ್ಟು ದಿನದಿಂದ?"
ಕ್ಷೌರದಲ್ಲಿ ತಾಗಿದ್ದು. ಮಾಯುತ್ತೆ, ಮತ್ತೆ ರಕ್ತ ಬರುತ್ತೆ.
ವರ್ಷ ಆಗಿರಬಹುದು.
"ಸುಕ್ಕು ಇರಲಿ. ಮೊದಲು ಇದನ್ನು ತೆಗೆಯೋಣ."
ಸರ್ವಮಂಗಳಾ ಬ್ಯಾಗಿನ ಜಿಪ್ಪು ಎಳೆದಳು,
ತೆರೆದಳು, ಎಳೆದಳು.

ಮೂರು ಹೊಲಿಗೆ. ರಿಪೋರ್ಟಿಗೆ ಹತ್ತು ದಿನ.
ಹತ್ತೂ ದಿನ ಗಾಡಿ ಓಡಿಸಿದೆ.
ಫಯಾಜ್ ನನ್ನ ಕಂಡಕ್ಟರು, ಎಂದಿನಂತೆ,
"ಅಣ್ಣಾ, ನಿಂಗೆ ವಯಸ್ಸೇ ಆಗಲ್ಲ ನೋಡು" ಅಂದ.
ಅವನಿಗೂ ಬಾನೆಟ್ಟಿನ ಮೇಲೆ ಕೂತವರಿಗೂ
ಕಾಣುವುದು ಎಡಗೆನ್ನೆ.
ಬಲಗೆನ್ನೆ ಬಲ್ಲವರು ಎದುರಿಂದ ಬರುವ ಡ್ರೈವರುಗಳು.
ಒಂದು ಕ್ಷಣ, ಕಿಟಕಿಗೆ ಕಿಟಕಿ, ಎತ್ತಿದ ಕೈ.
ನನಗೆ ಕಾಣುವುದೂ
ಅವರ ಬಲಗೆನ್ನೆಯೇ.

ಬೇರು ಇಳಿದಿಲ್ಲ, ಪೂರ್ತಿ ಬಂದಿದೆ,
ಆರು ತಿಂಗಳಿಗೊಮ್ಮೆ ತೋರಿಸಿ ಅಂದರು.
ಲೇಸರಿನ ಮಾತು ಯಾರೂ ಎತ್ತಲಿಲ್ಲ.
ಬರೆದುಕೊಟ್ಟದ್ದು ಒಂದು ಬಿಳಿ ಟ್ಯೂಬು,
ಮೂರು ಗಂಟೆಗೊಮ್ಮೆ, ಕಿವಿಗೂ, ಮುಂಗೈಗೂ.
ಈಗ ಡೀಸೆಲ್ಲು ನೋಡುವ ಮುಂಚೆ
ಕನ್ನಡಿ ಒಳಕ್ಕೆ ತಿರುಗಿಸಿ
ಎರಡು ಬೆರಳುದ್ದ ಹಿಂಡಿ
ಮಾವನವರ ಮುಖಕ್ಕೆ ಹಚ್ಚುತ್ತೇನೆ.

ಮೊನ್ನೆ ಯಗಚಿ ಸೇತುವೆ ಮೇಲೆ ಬೋರಲಿಂಗಣ್ಣ ಎದುರಾದ.
ಗಾಡಿ ನಿಧಾನಿಸಿದ. ಕಣ್ಣು ಕಿರಿದು ಮಾಡಿದ.
"ಏನ್ಲಾ, ಸುಣ್ಣ ಬಳ್ಕಂಡಿದೀಯ, ಯಾವ ಹಬ್ಬ?"
ಅವನ ಕೆನ್ನೆ ನೋಡಿದೆ, ಕಿವಿಯ ತನಕ.
ಹಿಂದೆ ಲಾರಿಯ ಹಾರನ್ನು.
ಹೇಳಲು ಹೊತ್ತಿಲ್ಲ, ಟ್ಯೂಬನ್ನೇ ಎಸೆದೆ ಅವನ ಕಿಟಕಿಗೆ.
ಹಿಡಿದನೋ, ಹೊಳೆಗೆ ಬಿತ್ತೋ,
ಕನ್ನಡಿ ಇನ್ನೂ ಒಳಕ್ಕೇ ತಿರುಗಿತ್ತು.